ಬೆಳಕು ಕಾಣದ ಫಿಲ್ಟರ್

ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕ,

ನಿನ್ನ ತಮ್ಮ ಮೊಂಡನ ನಮಸ್ಕಾರ. ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಹೊಸ ಔಷಧಿಯಿಂದ ನಡುವೆ ನಿಲ್ಲದೆ ಮಹಡಿ ಹತ್ತುತ್ತಿದ್ದೀಯಂತೆ, ಓದಿ ಜೀವಕ್ಕೆ ಸಮಾಧಾನವಾಯಿತು. ಗ್ಯಾರೇಜಿನ ಕೆಲಸ ಬಿಟ್ಟು ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಕೊಡಲೆಂದೇ ಇವತ್ತು ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ವರ್ಕ್‌ಶಾಪ್ ಎಂದರೆ ಎರಡೇ ಕೋಣೆ. ಮೊದಲು ಬೇಕರಿಯಿದ್ದ ಜಾಗ, ಗೋಡೆಗೆ ಇನ್ನೂ ಬ್ರೆಡ್ಡಿನ ವಾಸನೆಯಿದೆ. ಈಗ ಅಲ್ಲಿ ಬೇಯುವುದು ಲಾರಿ, ಬಸ್ಸುಗಳ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್. ಬಕೆಟ್ ಗಾತ್ರದ, ಕಲ್ಲಿನಂಥ ಉರುಳೆ. ಅದರ ತುಂಬ ಸಾವಿರಾರು ಸಣ್ಣ ಕೊಳವೆಗಳು. ಒಲೆಯಲ್ಲಿ ಕಾಯಿಸಿ ಮಸಿ ಸುಡಬೇಕು, ಉಳಿದ ಬೂದಿಯನ್ನು ಗಾಳಿ ಹೊಡೆದು ತೆಗೆಯಬೇಕು. "ಮನೇಲಿ ಒಂದು ತಟ್ಟೆ ತೊಳೀದೋರು ಊರಿನ ಹೊಗೆ ತೊಳೀತಾರಂತೆ" ಎಂದು ನನ್ನವಳು ಸಿಕ್ಕವರಿಗೆಲ್ಲ ಹೇಳುತ್ತಿದ್ದಾಳೆ.

ಮೊದಲ ಫಿಲ್ಟರಿನಲ್ಲೇ ಮುಖಭಂಗ. ಕಾಯಿಸಿ, ಊದಿ, ಟಾರ್ಚ್ ಹಿಡಿದರೆ ಆ ಕಡೆ ಬೆಳಕೇ ಇಲ್ಲ. ಮತ್ತೆ ಕಾಯಿಸಿದೆ, ಮತ್ತೆ ಊದಿದೆ. ಮೂರು ದಿನ ಇದೇ ಗೋಳು. ಕೊನೆಗೆ ಕೊರೆದೇ ಬಿಡೋಣವೆಂದು ಡ್ರಿಲ್ ಎತ್ತಿಕೊಂಡೆ. ಅಷ್ಟರಲ್ಲಿ ಒಲೆ ಮಾರಿದ ಇಂಜಿನಿಯರಮ್ಮ ಬಂದವಳೇ ಡ್ರಿಲ್ ಕಿತ್ತುಕೊಂಡಳು.

"ಇದ್ರಲ್ಲಿ ಬೆಳಕು ಕಾಣಬಾರ್ದು ಅಣ್ಣ. ಕಂಡ್ರೆ ಒಡೆದಿದೆ ಅಂತ ಅರ್ಥ. ಪ್ರತಿ ಕೊಳವೆಗೂ ಒಂದು ತುದಿ ಮುಚ್ಚೇ ಇರುತ್ತೆ. ಹೊಗೆ ಗೋಡೆ ಒಳಗಿಂದಲೇ ಪಕ್ಕದ ಕೊಳವೆಗೆ ದಾಟ್ಬೇಕು."

"ಗೋಡೆ ಒಳಗಿಂದಾನಾ? ಇದು ಕಲ್ಲಲ್ವೇನಮ್ಮ?"

"ಆ ಕಡೆ ಕೈ ಹಿಡೀರಿ" ಎಂದು ಮೆಲ್ಲಗೆ ಗಾಳಿ ಬಿಟ್ಟಳು.

ಅಕ್ಕ, ಉಗುರಿಗಿಂತ ತೆಳುವಾದ ಆ ಗೋಡೆಗಳನ್ನು ದಾಟಿ ಗಾಳಿ ಬಂದು ನನ್ನ ಅಂಗೈ ಮುಟ್ಟಿತು. ಮಲಗಿದ ಮಗುವಿನ ಉಸಿರಿನಷ್ಟು ಮೃದುವಾಗಿತ್ತು. ಗಾಳಿಯನ್ನು ಬಿಟ್ಟು ಮಸಿಯನ್ನು ಮಾತ್ರ ಹಿಡಿದಿಡುವ ಕಲ್ಲು! ಇಷ್ಟು ವರ್ಷ ಇಂಥದ್ದನ್ನು ಕೈಯಲ್ಲಿ ಹಿಡಿದೂ ನನಗೆ ಗೊತ್ತಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅದನ್ನು ಒಂದು ಹಳೇ ಬಸ್ಸಿಗೆ ಕೂರಿಸಿದೆವು. ನಂಬಿಕೆ ಬರದ ಡ್ರೈವರ್ ತನ್ನ ಬಿಳಿ ಟವೆಲ್ಲನ್ನು ಹೊಗೆ ಕೊಳವೆಗೆ ಹಿಡಿದು ನಿಂತ. ನಾನು ಹತ್ತು ನಿಮಿಷ ಇಂಜಿನ್ ಓಡಿಸಿದೆ. ಟವೆಲ್ ಬೆಳ್ಳಗೇ ಇತ್ತು. ಅವನು ಅದರ ಎರಡೂ ಮಗ್ಗಲು ತಿರುಗಿಸಿ ನೋಡಿದ, ನಾನೂ ನೋಡಿದೆ.

ಮುಂದಿನ ತಿಂಗಳು ವರ್ಕ್‌ಶಾಪ್ ಬಾಗಿಲು ತೆರೆಯುತ್ತೇನೆ. ಒಲೆಯ ಸ್ವಿಚ್ಚನ್ನು ನೀನೇ ಬಂದು ಒತ್ತಬೇಕೆಂಬ ಆಸೆ. ಆದರೆ ಕೆಳಗಿನದನ್ನು ಓದಿದ ಮೇಲೆ ತೀರ್ಮಾನ ಮಾಡು. ಬಾರದಿದ್ದರೂ ನಿನ್ನ ಆಶೀರ್ವಾದ ಕಳಿಸು.

ನಿನ್ನ ತಮ್ಮ,
ಮೊಂಡ

ತಾ.ಕ.: ಮರೆತದ್ದಲ್ಲ ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಹನ್ನೆರಡು ವರ್ಷ ಟಿಕೆಟ್ ಕೊಟ್ಟ ಕಿಟಕಿಯ ಮುಂದೆ ನಿಲ್ಲುತ್ತಿದ್ದ ಬಸ್ಸುಗಳ ಫಿಲ್ಟರ್ ಮಸಿಯಿಂದ ಕಟ್ಟಿಕೊಂಡಾಗ ಅವು ಬರುತ್ತಿದ್ದದ್ದು ನನ್ನ ಹತ್ತಿರವೇ. ಸಲಾಕೆಯಿಂದ ಒಳಗಿನದನ್ನು ಕುಟ್ಟಿ ಪುಡಿಮಾಡಿ, ಖಾಲಿ ಡಬ್ಬಿಗೆ ವೆಲ್ಡಿಂಗ್ ಮಾಡಿ ವಾಪಸ್ ಕೂರಿಸುತ್ತಿದ್ದೆ. ಒಂದು ಬಸ್ಸನ್ನೂ ಬಿಟ್ಟಿಲ್ಲ. ಡಾಕ್ಟರು "ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ?" ಎಂದು ಕೇಳಿದಾಗ ನೀನು ಭಾವನ ಕಡೆ ನೋಡಿದೆ. ನಿನ್ನ ಎದೆ ಕೆಟ್ಟದ್ದು ತನ್ನಿಂದಲೇ ಎಂದು ಅವರು ಇವತ್ತಿಗೂ ಕೊರಗುತ್ತಿದ್ದಾರೆ. ಅಂದು ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಈ ಪತ್ರವನ್ನು ಭಾವನಿಗೂ ಓದಲು ಕೊಡು.