ಸೀಟಿನಡಿಯ ಪಿಸ್ತೂಲು

ನವೆಂಬರ್ 12, ಬುಧವಾರ. ಸತ್ವಾ, ದುಬೈ.

ನಾನು ಓಡಿಸುವ ಲಾಂಡ್ರಿ ವ್ಯಾನಿನಲ್ಲಿ ಇವತ್ತು ಪಿಸ್ತೂಲು ಕೈಗೆತ್ತಿಕೊಂಡೆ. ಅದು ಬರೀ ಆಟಿಕೆ ಪಿಸ್ತೂಲು. ಆದರೆ ಕಪ್ಪಗೆ, ಭಾರವಾಗಿ, ನಿಜದ್ದರ ಹಾಗೆಯೇ ಇತ್ತು. ಹೋದ ತಿಂಗಳು ಒಬ್ಬ ವ್ಯಾನಿಗೆ ಅಡ್ಡ ಬಂದು ನನ್ನ ಕಾಲರ್ ಹಿಡಿದ ಮೇಲೆ ಸೀಟಿನಡಿ ಇಟ್ಟುಕೊಂಡಿದ್ದೆ.

ಬೆಳಿಗ್ಗೆ ಲಾಂಡ್ರಿ ಬಟ್ಟೆ ತುಂಬಿಕೊಂಡು ಜುಮೇರಾ ಲೇಕ್ ಟವರ್ಸ್ ಕಡೆ ಹೋಗುತ್ತಿದ್ದೆವು. ಪಕ್ಕದಲ್ಲಿ ಜೊತೆಗೆ ಕೆಲಸ ಮಾಡುವ ಶಹೀರ್ ಇದ್ದ. ಹಿಂದಿನಿಂದ ಒಂದು ಬಿಳಿ ಲ್ಯಾಂಡ್ ಕ್ರೂಸರ್ ಲೈಟು ಹೊಡೆಯುತ್ತಲೇ ಇತ್ತು. ಇಲ್ಲಿ ಹಾಗೆ ಮಾಡಿದರೆ ದಾರಿ ಬಿಡು ಅಂತ. ಬಿಟ್ಟೆ. ಅವನೂ ನನ್ನ ಹಿಂದೆಯೇ ಲೇನು ಬದಲಿಸಿದ. ಸಿಗ್ನಲಿನಲ್ಲಿ ಪಕ್ಕಕ್ಕೆ ಬಂದು ಗಾಜು ಇಳಿಸಿದ. ಅಷ್ಟರಲ್ಲಿ ಪಿಸ್ತೂಲು ನನ್ನ ತೊಡೆಯ ಮೇಲಿತ್ತು.

"ಭಾಯ್, ಪೀಛೆ ದರ್ವಾಜಾ ಖುಲಾ ಹೈ!" ಅಂತ ಕೂಗಿದ.

ಹಿಂದಿನ ಬಾಗಿಲು ತೆರೆದು, ಇಸ್ತ್ರಿ ಹಾಕಿದ ಬಿಳಿ ಕಂದೂರಗಳು, ಅರಬರ ಉದ್ದ ನಿಲುವಂಗಿಗಳು, ಹೊರಗೆ ನೇತಾಡುತ್ತಿದ್ದವು.

ಶಹೀರ್ ನನ್ನ ತೊಡೆ ನೋಡಿದ. "ಎಂತ ಮಾರಾಯ ಇದು? ಆಟಿಕೆಯಾ ಅಂತ ಪೊಲೀಸರು ಕೇಳ್ಲಿಕ್ಕಿಲ್ಲ. ಸೀದಾ ಜೈಲು, ಮತ್ತೆ ಊರು. ಖಲಾಸ್! ನೀನು ಊರಲ್ಲಿ ಶಾಲೆ ಅರ್ಧಕ್ಕೆ ಬಿಟ್ಟದ್ದು ಸಾಲದಾ, ದುಬೈಯನ್ನೂ ಬಿಡ್ಬೇಕಾ? ಪಕ್ಕ ಕೂತ ತಪ್ಪಿಗೆ ನಂಗೂ ಟಿಕೆಟ್!"

ಹೆದರಿಕೆಯಾಯಿತು ಅಂದೆ. ಸುಳ್ಳು. ಆ ಹೊತ್ತಿಗೆ ಹೆದರಿಕೆ ಇರಲೇ ಇಲ್ಲ. ಆ ಮನುಷ್ಯ ಒಂದು ಮಾತು ಬೈಯಲಿ, ಇದನ್ನು ತೋರಿಸುತ್ತೇನೆ ಅಂತ ಕಾಯುತ್ತಿದ್ದೆ.

ಮಧ್ಯಾಹ್ನ ಪಕ್ಕದ ಗ್ಯಾರೇಜಿನಿಂದ ಸುತ್ತಿಗೆ ತಂದು ಅದನ್ನು ಪುಡಿ ಮಾಡಿದೆ. ಶಹೀರನೇ ಚೂರು ಗುಡಿಸಿದ. ಆದರೆ ಸಂಜೆ ಯಾರೋ ಹಾರ್ನ್ ಹೊಡೆದಾಗ ಕೈ ತಾನಾಗಿ ಸೀಟಿನಡಿಗೆ ಹೋಯಿತು. ಅಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದೂ ತಡಕಾಡಿತು. ಶಹೀರ್ ನೋಡಿದ, ನನ್ನ ಕೈ ಹಿಡಿದು ಸ್ಟೇರಿಂಗಿನ ಮೇಲೆ ಇಟ್ಟ. ಅವನು ಬೈದಿದ್ದರೆ ವಾಸಿಯಿತ್ತು.