ಬೆನ್ನಿಲ್ಲದ ಸ್ಪೀಕರುಗಳು

ಮನೆಯಿಂದ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಆರೋಗ್ಯವಾಗಿದ್ದೀರಿ ತಾನೆ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮೈಯೆಲ್ಲ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದಿರಿ, ಕಡಿಮೆಯಾಯಿತೇ? ಕೆರೆದುಕೊಳ್ಳಬೇಡಿ ಎಂದರೆ ಕೇಳುವವರಲ್ಲ ನೀವು, ಆದರೂ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ, ಕೈತುಂಬ ಹೊಲಿಗೆ ಕೆಲಸವಿದೆ. ಮಾವನವರೂ ಗಟ್ಟಿಮುಟ್ಟಾಗಿದ್ದಾರೆ. ಅವರ ಮನೆಯ ಚಾವಣಿ ರಿಪೇರಿ ಮುಗಿಯುವವರೆಗೆ ಇಲ್ಲಿರಲು ಬಂದಿದ್ದರಲ್ಲ, ಅದು ಮುಗಿಯಿತಂತೆ. "ಅವ್ನು ಬರೋದ್ರೊಳಗೆ ನಾನು ಹೊರಟುಬಿಡ್ತೀನಮ್ಮ" ಎಂದು ಆಗಲೇ ಬ್ಯಾಗಿಗೆ ಬಟ್ಟೆ ತುಂಬಿಟ್ಟಿದ್ದಾರೆ. ಅಪ್ಪ ಮಗ ಒಂದೇ ಸೂರಿನಡಿ ಕೂತು ಎರಡು ಮಾತಾಡುವುದನ್ನು ಕಣ್ಣಾರೆ ನೋಡಬೇಕೆಂದಿದ್ದೆ. ಆ ಆಸೆಗೆ ತಣ್ಣೀರೆರಚಿದ ಹಾಗಾಗಿದೆ.

ಜಗಳ ಹುಟ್ಟಿದ್ದೇ ನಿಮ್ಮ ಆ ಸ್ಪೀಕರುಗಳಿಂದ ಅಲ್ಲವೇ! ಅವರು ಜೀವಮಾನವಿಡೀ ಪೆಟ್ಟಿಗೆ, ಕಪಾಟು ಮಾಡಿದ ಬಡಗಿ. ಮಗನಾದ ನೀವು ನೋಡಿದರೆ ಎದೆಯೆತ್ತರದ ಎರಡು ಹಲಗೆ ನಿಲ್ಲಿಸಿ, ತೂತು ಕೊರೆದು ಸ್ಪೀಕರು ಕೂರಿಸಿ, ಹಿಂದೆ ಏನೂ ಮುಚ್ಚದೆ ಹಾಗೇ ಬಿಟ್ಟಿರಿ. "ಬಡಗಿ ಮಗ ಬೆನ್ನಿಲ್ಲದ ಸಾಮಾನು ಮಾಡಿದಾನೆ, ನಾಲ್ಕು ಜನ ನೋಡಿದ್ರೆ ನಗ್ತಾರೆ" ಎಂದರು ಅವರು. "ನಿಮಗೆ ಪೆಟ್ಟಿಗೆ ಬಿಟ್ರೆ ಬೇರೆ ಪ್ರಪಂಚಾನೇ ಇಲ್ಲ" ಎಂದಿರಿ ನೀವು. ಅಂದಿನಿಂದ ಇಬ್ಬರ ಬಾಯಿಗೂ ಬೀಗ. ನಿಮ್ಮ ಮೊಂಡುತನ ಯಾರಿಂದ ಬಂತೆಂದು ನಾನಂತೂ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಸಂಜೆ ನಾನು ಹಾಡು ಹಾಕಿದರೆ ಮಾವ ಎದುರಿನ ಸೋಫಾದಲ್ಲಿ ಕೂರುವವರಲ್ಲ. ಕೂತರೆ ಮಗನ ಕೆಲಸ ಒಪ್ಪಿಕೊಂಡ ಹಾಗಾಗುತ್ತದಲ್ಲ! ಸ್ಪೀಕರುಗಳಿಗೂ ಗೋಡೆಗೂ ನಡುವೆ ನೀವು ಬಿಟ್ಟಿದ್ದ ಜಾಗದಲ್ಲಿ, ಕಿಟಕಿ ಬಳಿ, ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾರೆ. ಆದರೆ ಸದ್ದು ಹಿಂದಕ್ಕೂ ಅಷ್ಟೇ ಹೋಗುತ್ತದೆ. ಅವರ ಕಾಲು ತನ್ನಷ್ಟಕ್ಕೆ ತಾಳ ಹಾಕುವುದನ್ನು ಈಚೆಯಿಂದ ನೋಡಿ ಒಳಗೊಳಗೇ ನಗುತ್ತಿದ್ದೆ. ನಿಜ ಹೇಳಲೇ? ಮೊದಮೊದಲು ನನಗೂ ಇದರ ರುಚಿ ಹತ್ತಿರಲಿಲ್ಲ, ಅರ್ಧ ಸದ್ದು ಗೋಡೆಗೆ ದಂಡ ಎನ್ನಿಸುತ್ತಿತ್ತು. ಈಗ ಹಾಗಲ್ಲ. ಹಿಂದೆ ಹೋದ ಸದ್ದು ಗೋಡೆ ಮುಟ್ಟಿ ವಾಪಸು ಬರುವಾಗ, ಹಾಡುವವಳು ಹಲಗೆಯ ಆಚೆ ಕಿಟಕಿಯ ಹತ್ತಿರವೇ ನಿಂತಿದ್ದಾಳೆ ಎನ್ನಿಸುತ್ತದೆ. ಪಕ್ಕಕ್ಕೆ ಮಾತ್ರ ಸದ್ದು ಕಡಿಮೆ. ಪಕ್ಕದ ಮನೆಯ ನರ್ಸಮ್ಮ ರಾತ್ರಿ ಪಾಳಿಗೆ ಮುಂಚೆ ಸಂಜೆ ಹೊತ್ತು ಮಲಗುತ್ತಾಳಲ್ಲ, ಅವಳಿಂದ ಒಂದು ದಿನವೂ ತಕರಾರಿಲ್ಲ.

ಹೋದ ವಾರ ನಾನು ಹೊಲಿದ ಬಟ್ಟೆ ಕೊಟ್ಟು ಬರುವಷ್ಟರಲ್ಲಿ ಮಾವ ನಿಮಗೊಂದು ಉಪಕಾರ ಮಾಡಿಬಿಟ್ಟಿದ್ದರು! ಒಳ್ಳೇ ಪ್ಲೈವುಡ್ ತಂದು ಎರಡಕ್ಕೂ ಪಕ್ಕ, ಮೇಲೆ, ಹಿಂದೆ ಎಲ್ಲ ಮುಚ್ಚಿ, ಸ್ಕ್ರೂ ಬಿಗಿದು, ಮೂಲೆಗಳನ್ನು ನುಣ್ಣಗೆ ಉಜ್ಜಿ ನಿಲ್ಲಿಸಿದ್ದರು. "ಅವ್ನು ಅರ್ಧಕ್ಕೆ ಬಿಟ್ಟಿದ್ದ, ಮುಗಿಸ್ಕೊಟ್ಟಿದೀನಿ. ಹೋಗೋ ಮೊದ್ಲು ಇಷ್ಟಾದ್ರೂ ಮಾಡ್ಬೇಕಲ್ಲಮ್ಮ" ಎಂದರು. ಆ ಮುಖ ನೋಡಿ ಬೈಯುವ ಬದಲು ಕಾಫಿ ಮಾಡಿಕೊಟ್ಟೆ. ಸಂಜೆ ಹಾಡು ಹಾಕಿದರೆ, ನೆಗಡಿಯಾದವರ ಹಾಗೆ ಗುಂಯ್ ಎಂದಿತು. ನರ್ಸಮ್ಮ ಗೋಡೆ ಗುದ್ದಿದಳು. ಹಿಂದಿನ ಕುರ್ಚಿಯಿಂದ ಮಾವ, "ಹಾಡು ಎಲ್ಲಮ್ಮ?" ಎಂದು ಕೇಳಿದರು. ಈಚೆ ಬನ್ನಿ ಎಂದರೆ ಬರಲಿಲ್ಲ. ಮರುದಿನವೂ ಅಲ್ಲೇ ಕೂತರು, ಕಾಲು ಅಲ್ಲಾಡಲಿಲ್ಲ.

ಅದರ ಮಾರನೆಯ ಬೆಳಿಗ್ಗೆ ಎದ್ದವರೇ ಸ್ಕ್ರೂಡ್ರೈವರ್ ಹಿಡಿದು ಒಂದೊಂದಾಗಿ ಎಲ್ಲ ಬಿಚ್ಚಿದರು. ಹಾಡು ಹಾಕಿಸಿದರು. ಮುಂದೆ, ಪಕ್ಕ, ಹಿಂದೆ ಎಂದು ಸುತ್ತ ನಡೆದು ಕಿವಿಗೊಟ್ಟರು. ಕಡೆಗೆ ಸೋಫಾದಲ್ಲಿ, ನೀವು ಕೂರುವ ಜಾಗದಲ್ಲೇ ಕೂತು, ಹಾಡು ಮುಗಿಯುವವರೆಗೆ ಏಳಲಿಲ್ಲ. "ಪೆಟ್ಟಿಗೆ ಮಾಡೋಕೆ ಬರದೆ ಬಿಟ್ಟಿದ್ದಲ್ಲ ಅವ್ನು, ಬೇಕು ಅಂತ್ಲೇ ಬಿಟ್ಟಿದಾನೆ" ಎಂದರು. ಇದನ್ನೇ ನಿಮ್ಮ ಮಗನ ಮುಂದೆ ಹೇಳಿ ಎಂದರೆ ನೆಲ ನೋಡುತ್ತಾರೆ. ಬ್ಯಾಗು ಇನ್ನೂ ಬಾಗಿಲ ಬಳಿಯೇ ಇದೆ. ನಿಮ್ಮ ಹಲಗೆಗಳ ಅಂಚಿನುದ್ದಕ್ಕೂ ಸ್ಕ್ರೂ ತೂತುಗಳಾಗಿವೆ, ಬಂದು ನೋಡಿ ಕೂಗಾಡಬೇಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಹಡಗಿನ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳಿ, ನಿಮ್ಮನ್ನು ಸಹಿಸಿಕೊಂಡಿದ್ದಾರೆ ಪಾಪ.

ನಿಮ್ಮ ದಾರಿ ನೋಡುತ್ತಿರುವ,
ಮನೆಯವಳು

ಮರೆತಿದ್ದೆ: ಈ ಸಲ ಉತ್ತರ ನನಗೆ ಬೇಡ, ಅವರಿಗೆ ಬರೆಯಿರಿ. ಕ್ಷಮೆ ಗಿಮೆ ಏನೂ ಬೇಡ, ನಿಮ್ಮಿಬ್ಬರಿಗೂ ಅದು ಬರುವುದಿಲ್ಲ. "ಅಪ್ಪಾ, ಸ್ಕ್ರೂ ತೂತು ಮುಚ್ಚೋದು ನಂಗೆ ಗೊತ್ತಿಲ್ಲ, ಬರೋವರೆಗೂ ಇರಿ, ತೋರಿಸ್ಕೊಡಿ" ಎಂದರೆ ಸಾಕು. ಅಂಟು, ಮರದ ಪುಡಿ ಎಲ್ಲ ಅವರ ಬಳಿಯೇ ಇದೆ. ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ಆಗದ ಮನುಷ್ಯ, ಆ ತೂತುಗಳನ್ನು ಮಾತ್ರ ಇನ್ನೂ ಮುಚ್ಚಿಲ್ಲ.