ಊದಿನಕಡ್ಡಿ ಹಚ್ಚುವ ಮೊದಲು

ಬಿಲಾಕ್ಸಿ
ನವೆಂಬರ್ 21, 1999
ಭಾನುವಾರ, ಆರಾಧನೆ ಮುಗಿಸಿ ಬಂದ ಮೇಲೆ

ಮಗಳು ಲೊವಾನಳಿಗೆ ಅಮ್ಮನ ಆಶೀರ್ವಾದ.

ಬಟ್ಟಲು ತಲುಪಿತು.

ಗುರುವಾರ ಮಧ್ಯಾಹ್ನ ಬಾಗಿಲ ಗಂಟೆ ಒತ್ತಿ, ನಾನು ಬಾಗಿಲು ತೆಗೆಯುವಷ್ಟರಲ್ಲಿ ಕಾರು ಹತ್ತಿ ಓಡಿಹೋದವಳು ನೀನೇ ಎಂದು ನನಗೆ ಗೊತ್ತು. ಪರದೆ ಸರಿಸಿ ನೋಡಿದೆ. ನಿನ್ನ ಕಾರಿನ ಹಿಂದಿನ ದೀಪ ಒಂದು ಒಡೆದಿದೆ. ಖಾಯ್‌ಗೆ ಹೇಳಿ ಸರಿಮಾಡಿಸು, ಗಂಡ ಅನ್ನಿಸಿಕೊಂಡವನು ಅಷ್ಟಾದರೂ ಮಾಡಲಿ. ಮೆಟ್ಟಿಲ ಮೇಲೆ ಟವೆಲಿನಲ್ಲಿ ಸುತ್ತಿಟ್ಟ ಬಟ್ಟಲಿತ್ತು. ನೀಲಿ ಮೀನಿನ ಚಿತ್ರದ್ದು, ನಿನ್ನ ಅತ್ತೆಯ ಮನೆಯದು. ಒಳಗೆ ಮಾಂಸ ತುಂಬಿದ ಹಾಗಲಕಾಯಿಯ ಸಾರು. ತಡೆಯಲಾರದೆ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡೆ. ಇವತ್ತು ಚರ್ಚಿನಲ್ಲಿ ಹಾಡುವಾಗಲೂ ಉರಿಯುತ್ತಿತ್ತು.

ಹಾಗಲಕಾಯಿಯ ತಿರುಳನ್ನು ನೀನು ಪೂರ್ತಿ ತೆಗೆದಿಲ್ಲ. ಕರಿಮೆಣಸೂ ಕೈಮೀರಿ ಬಿದ್ದಿದೆ. ಹೇಳಬೇಕೆನ್ನಿಸಿತು, ಹೇಳಿದೆ. ನಿನ್ನ ಅತ್ತೆ, ನನ್ನ ತಾಮಕ್ಕ, ಇದ್ದಿದ್ದರೆ ಅವಳೇ ಹೇಳುತ್ತಿದ್ದಳು.

ಅಡುಗೆಮನೆಯ ಗೋಡೆಯಲ್ಲಿ ತೂಗುವ ಚಾಂದ್ರಮಾನದ ಕ್ಯಾಲೆಂಡರಿನಲ್ಲಿ ಅವಳ ಗಂಡನ ತಿಥಿ ಹತ್ತಿರ ಬರುವುದನ್ನು ನೋಡುತ್ತಲೇ ಇದ್ದೆ. ತಾಮಕ್ಕನೇ ಹೋದಮೇಲೆ ಬಟ್ಟಲೂ ಹೋಯಿತು ಅಂದುಕೊಂಡಿದ್ದೆ. ಆ ದಿನ ಒಲೆ ಹಚ್ಚಲು ಮನಸ್ಸಾಗದೆ ತಣ್ಣನೆಯ ಅನ್ನಕ್ಕೆ ಮೀನಿನ ಸಾಸು ಕಲಸಿಕೊಂಡು ಕೂತಿದ್ದಾಗಲೇ ಗಂಟೆ ಸದ್ದಾಯಿತು. ಮಗಳೇ, ನಾನು ಅತ್ತುಬಿಟ್ಟೆ. ಮುದುಕಿ ಅತ್ತಳು ಎಂದು ಉತ್‌ಗೆ ಹೇಳಬೇಡ, ನಿನ್ನ ನಾದಿನಿ ಊರಿಗೆಲ್ಲ ಡಂಗುರ ಸಾರುತ್ತಾಳೆ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೊದಲು ಸುಮ್ಮನಿರುತ್ತೇವೆ, ಆಮೇಲೆ ಜಗಳವಾಡುತ್ತೇವೆ. ಐದು ವರ್ಷ ಮಾತಾಡದವರಿಗೆ ಕಾಗದವೇ ವಾಸಿ. ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಈ ಬಟ್ಟಲು ಹೇಗೆ ಶುರುವಾಯಿತೆಂದು ನಿನಗೆ ಅರ್ಧ ಗೊತ್ತು. ಉಳಿದರ್ಧ ಹೇಳಲು ಈಗ ನಾನೊಬ್ಬಳೇ ಉಳಿದಿದ್ದೇನೆ.

ನಾವು ಈ ಊರಿಗೆ ಬಂದ ಹೊಸದರಲ್ಲಿ ನಿನ್ನಪ್ಪನ ಸಭೆ ಎಂದರೆ ನಾಲ್ಕು ಕುಟುಂಬ ಮತ್ತು ಒಂದು ಹಳೆಯ ಟೈರಿನ ಅಂಗಡಿ. ಗೋಡೆಗೆ ಬಿಳಿ ಬಣ್ಣ ಬಳಿದು, ಮುಂದೆ ಮರದ ಶಿಲುಬೆ ನೆಟ್ಟರೂ ಬೇಸಿಗೆಯಲ್ಲಿ ರಬ್ಬರಿನ ವಾಸನೆ ಹೋಗುತ್ತಿರಲಿಲ್ಲ. ಸೀಗಡಿ ದೋಣಿಗಳ ಕೆಲಸಕ್ಕೆಂದು ದೇಶ ಬಿಟ್ಟ ನಮ್ಮವರು ಬರುತ್ತಲೇ ಇದ್ದರು. ಹೊಸ ಕುಟುಂಬ ಬಂತೆಂದರೆ ನಿನ್ನಪ್ಪ ವ್ಯಾನಿನಲ್ಲಿ ಅಕ್ಕಿ ಮೂಟೆ, ಮೀನಿನ ಸಾಸು, ಕಂಬಳಿ ಹಾಕಿಕೊಂಡು ಹೊರಡುತ್ತಿದ್ದರು. ಅಕ್ಕಿ ಮೊದಲು ಇಳಿಸಬೇಕು, ಸುವಾರ್ತೆ ಆಮೇಲೆ ಎಂಬುದು ಅವರ ಕ್ರಮ. ಹಸಿದವರ ಮುಂದೆ ಉಪದೇಶ ಮಾಡಿದರೆ ಕರ್ತನಿಗೇ ಅವಮಾನ ಎನ್ನುತ್ತಿದ್ದರು.

ಹಾಗೆ ಹೋದ ಮನೆಗಳಲ್ಲಿ ತಾಮಕ್ಕನದೂ ಒಂದು. ಗಂಡ ಸಮುದ್ರದ ಪಾಲಾಗಿದ್ದ, ದೇಶ ಬಿಟ್ಟು ಬರುವ ದಾರಿಯಲ್ಲೇ. ಇಬ್ಬರು ಮಕ್ಕಳು, ಒಂದು ಟಿನ್ನಿನ ಮನೆ. ಬೀರುವಿನ ಮೇಲೆ ಗಂಡನ ಫೋಟೋ, ಅದರ ಮುಂದೆ ಮರಳು ತುಂಬಿದ ಹಾಲಿನ ಡಬ್ಬಿ, ಮರಳಿನಲ್ಲಿ ಊದಿನಕಡ್ಡಿ. ಅಕ್ಕಿ ತಗೊಂಡಳು, ಟೀ ಕೊಟ್ಟಳು, ನಿನ್ನಪ್ಪನ ಮಾತನ್ನು ಕೈಕಟ್ಟಿ ಕೇಳಿದಳು. ಎಲ್ಲ ಮುಗಿದ ಮೇಲೆ, ಇವೆಲ್ಲ ಸರಿ, ಇಲ್ಲಿ ಕಾರು ಓಡಿಸುವ ಲೈಸೆನ್ಸಿನ ಪರೀಕ್ಷೆಗೆ ಏನು ಓದಬೇಕು ಎಂದು ಕೇಳಿದಳು. ಮಂಗಳವಾರದ ಪ್ರಾರ್ಥನಾಕೂಟ ಅವಳ ಮನೆಯಲ್ಲಿ ರಸ್ತೆ ನಿಯಮದ ಪಾಠವಾಯಿತು. ಆತ್ಮ ಉಳಿಸಲು ಹೋದ ನಾವು ಲೈಸೆನ್ಸು ಕೊಡಿಸಿ ಬಂದೆವು. ಅವಳು ಮೊದಲ ಸಲಕ್ಕೇ ಪಾಸಾದಳು. ನಾನು ಮೂರು ಸಲ ಫೇಲಾದೆ, ಅದನ್ನು ಅವಳು ಸಾಯುವವರೆಗೂ ಮರೆಯಲಿಲ್ಲ.

ಆಮೇಲೆ ಏಡಿ ಫ್ಯಾಕ್ಟರಿಯಲ್ಲಿ ಒಂದೇ ಮೇಜು ಇಬ್ಬರಿಗೂ. ಬೆಂದ ಏಡಿಯ ಚಿಪ್ಪು ಒಡೆದು ಮಾಂಸ ಬಿಡಿಸುವ ಕೆಲಸ. ಬೆರಳ ತುದಿಗೆಲ್ಲ ಗಾಯ, ಉಪ್ಪುನೀರು ತಾಗಿದರೆ ಜೀವ ಹೋಗುತ್ತಿತ್ತು. ಅಲ್ಲಿ ಅವಳು ನನ್ನನ್ನು ಪಾಸ್ಟರಮ್ಮ ಎಂದು ಕರೆಯುತ್ತಿದ್ದಳು, ಅದೂ ಮೂಗಿನಲ್ಲಿ. ಮೇಸ್ತ್ರಿ ನನ್ನ ಮೇಲೆ ರೇಗಿದರೆ ಅವಳು ಎದ್ದು ನಿಲ್ಲುತ್ತಿದ್ದಳು, ಅವಳ ಮೇಲೆ ರೇಗಿದರೆ ನಾನು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ, ಹಾಗಿದ್ದೆವು.

ಗಂಡನ ಮೊದಲ ತಿಥಿಗೆ ನಮ್ಮನ್ನು ಕರೆದಳು. ನಿನ್ನಪ್ಪ ಹೋದರು, ಅವಳನ್ನು ಹೊರಗೆ ಕೂರಿಸಿಕೊಂಡು ಮೆತ್ತಗೆ ವಿವರಿಸಿದರು. ಮುಂದಿಟ್ಟಿದ್ದನ್ನು ನಾವು ಕೇಳದೆ ಉಣ್ಣುತ್ತೇವೆ, ಆದರೆ ಇದು ಸತ್ತವರಿಗೆ ಎಡೆ ಇಟ್ಟದ್ದು ಎಂದು ಯಾರಾದರೂ ಹೇಳಿದರೆ ಉಣ್ಣುವಂತಿಲ್ಲ ಎಂದರು. 

"ಹಂಗಾದ್ರೆ ನಾನು ಬಾಯಿ ಬಿಡದೇ ಇದ್ದಿದ್ರೆ ಆಗ್ತಿತ್ತು," ಎಂದಳು ತಾಮಕ್ಕ.

ಬಾಯಿ ಬಿಟ್ಟಾಗಿತ್ತು. ಅವಳು ಒಳಗೆ ಹೋದಳು. ಊದಿನಕಡ್ಡಿ ಇನ್ನೂ ಹಚ್ಚಿರಲಿಲ್ಲ. ಎಡೆ ಬಡಿಸುವ ಮೊದಲೇ ಪಾತ್ರೆಯಿಂದ ಒಂದು ಬಟ್ಟಲು ಸಾರು ತೆಗೆದು ನನ್ನ ಕೈಗಿಟ್ಟು, ಇದು ಯಾರಿಗೂ ಇಟ್ಟದ್ದಲ್ಲ, ಬರೀ ಅಡುಗೆ, ಉಣ್ಣು ಎಂದಳು. ಅವತ್ತಿನಿಂದ ಪ್ರತಿ ತಿಥಿಗೂ ಅದೇ ಪದ್ಧತಿ. ಊದಿನಕಡ್ಡಿ ಉರಿದು ಮುಗಿಯುವವರೆಗೂ ಅವರ ಮನೆಯವರು ಯಾರೂ ಉಣ್ಣುವಂತಿಲ್ಲ. ಅಷ್ಟರಲ್ಲಿ ಎಲ್ಲ ತಣ್ಣಗಾಗುತ್ತದೆ. ಆ ಮನೆಯಲ್ಲಿ ಆ ದಿನ ಬಿಸಿ ಉಂಡವಳು ನಾನೊಬ್ಬಳೇ. ಉತ್ ಚಿಕ್ಕವಳಿದ್ದಾಗ ನನ್ನ ಬಟ್ಟಲನ್ನೇ ನೋಡುತ್ತ, "ಅಮ್ಮಾ, ಬಿಸಿ ಸಾರಿಗೋಸ್ಕರ ನಾನೂ ಕ್ರಿಸ್ತರವಳಾಗ್ತೀನಿ" ಎಂದದ್ದು ನಿನಗೂ ನೆನಪಿರಬೇಕು. ತಾಮಕ್ಕ ಸೌಟು ಎತ್ತಿಕೊಂಡು ಅವಳನ್ನು ಅಂಗಳವೆಲ್ಲ ಅಟ್ಟಾಡಿಸಿದಳು.

ಚರ್ಚಿನ ಒಳಗೆ ಮಾತ್ರ ಅವಳು ಕಾಲಿಡಲಿಲ್ಲ. ಚಾವಣಿ ರಿಪೇರಿಗೆ ಹಣ ಕೂಡಿಸಲು ನಾವು ಹೆಂಗಸರು ಕರಿದ ಸುರುಳಿ ತಿಂಡಿ ಮಾಡಿ ಮಾರುತ್ತಿದ್ದೆವಲ್ಲ, ಅದರಲ್ಲಿ ಮುಕ್ಕಾಲು ಅವಳ ಕೈಯದು. ಹೊರಗೆ ಓಕ್ ಮರದ ಕೆಳಗೆ ಒಲೆ ಹೂಡಿ ಕೂರುತ್ತಿದ್ದಳು. ಒಳಗೆ ನಾವು ಹಾಡಿದರೆ ಹೊರಗೆ ಅವಳೂ ಹಾಡುತ್ತಿದ್ದಳು. ಮೂರನೆಯ ಚರಣ ನಮಗೆ ಮರೆತಾಗ ಅವಳ ದನಿ ಮಾತ್ರ ಕಿಟಕಿಯಿಂದ ಬರುತ್ತಿತ್ತು. ಸಭೆಯವರೆಲ್ಲ ಇಂದಲ್ಲ ನಾಳೆ ಅವಳು ದೀಕ್ಷಾಸ್ನಾನ ತಗೊಳ್ಳುತ್ತಾಳೆ ಎಂದು ಕಾದರು. ಎಲ್ಲರಿಗಿಂತ ಹೆಚ್ಚು ಕಾದವಳು ನಾನು. ಪ್ರತಿ ಶನಿವಾರ ಕರೆಯುತ್ತಿದ್ದೆ. ನೋಡೋಣ, ಬರೋ ಭಾನುವಾರ ಎನ್ನುತ್ತಿದ್ದಳು.

ಒಮ್ಮೆ ನಿನ್ನಪ್ಪ ಬಿಡದೆ ಕೇಳಿದರು, ನಿಮಗೆ ಅಡ್ಡಿ ಏನು ಎಂದು. ಅವಳು ಏಡಿ ಬಿಡಿಸುವ ಚಾಕು ಒರೆಸುತ್ತ ಹೇಳಿದ ಮಾತು ಇದು: "ಪಾಸ್ಟರೇ, ನಿಮ್ಮ ಪರಲೋಕ ಒಳ್ಳೇದೇ ಇರಬೋದು. ಆದ್ರೆ ನನ್ನ ಗಂಡ ಅಲ್ಲಿಲ್ಲ ಅಂತೀರಿ. ಅವನಿಗೆ ಅನ್ನ ಬಸಿಯೋಕೂ ಬರಲ್ಲ. ನಾನು ನಿಮ್ಮ ಕಡೆ ಬಂದ್ರೆ ಅವನಿಗೆ ಯಾರು ಬಡಿಸ್ತಾರೆ?"

ನಿನ್ನಪ್ಪ ವ್ಯಾನಿನಲ್ಲಿ ಬಂದು ಕೂತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಅವರು ತೀರಿಕೊಳ್ಳುವ ಮುಂಚೆಯೂ ಒಂದು ಸಲ, ತಾಮ್‌ಗೆ ನಾನು ಉತ್ತರ ಕೊಡಬೇಕಿತ್ತು ಎಂದರು.

ಇನ್ನು ನಿನ್ನ ಮದುವೆಯ ಮಾತು. ಖಾಯ್‌ನನ್ನು ಒಪ್ಪಿಕೊಂಡಾಗ ನಾನು ಎಷ್ಟು ಸಂತೋಷಪಟ್ಟೆ! ತಾಮಕ್ಕ ನನ್ನ ಬೀಗಿತ್ತಿಯಾಗುವಳು ಎಂದು ಫ್ಯಾಕ್ಟರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಚರ್ಚಿನಲ್ಲಿ ಮದುವೆ ಚೆನ್ನಾಗಿಯೇ ಆಯಿತು. ಆಮೇಲೆ ಅವರ ಮನೆಯಲ್ಲಿ ಹಿರಿಯರ ಫೋಟೋಗಳ ಮುಂದೆ ಖಾಯ್ ಮೂರು ಕಡ್ಡಿ ಹಚ್ಚಿದ. ನಿನಗೆ ಯಾರೂ ಕೊಡಲಿಲ್ಲ, ತಾಮಕ್ಕ ಬೇಡವೆಂದು ಕಣ್ಣಲ್ಲೇ ಹೇಳಿದಳು. ನೀನೇ ಕೈ ಚಾಚಿ ತಗೊಂಡೆ. ಪಾಸ್ಟರ ಮಗಳು, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಊದಿನಕಡ್ಡಿ ಹಣೆಗೆತ್ತಿ ಬಾಗಿದಳು. ನಿನ್ನಪ್ಪ ಹೋಗಿ ವರ್ಷವೂ ಆಗಿರಲಿಲ್ಲ. ಟೀ ಕುಡಿಯದೆ ನಾನು ಎದ್ದುಬಂದೆ.

ಮರುದಿನ ತಾಮಕ್ಕ ಬಂದಳು. ನನ್ನ ಮಗಳನ್ನು ಕಿತ್ತುಕೊಂಡೆ ಎಂದು ಕೂಗಾಡಿದೆ. "ಕಿತ್ಕೊಳ್ಳೋಕೆ ಅವಳೇನು ಏಡಿ ಕಾಲೇನೇ? ಅವಳಾಗೇ ಬಂದ್ಳು," ಎಂದು ಹೇಳಿ ಹೋದಳು. ಅವಳಿಗೂ ಬಾಗಿಲು ಮುಚ್ಚಿದೆ, ನಿನಗೂ ಮುಚ್ಚಿದೆ. ಬಟ್ಟಲು ಮಾತ್ರ ನಿಲ್ಲಲಿಲ್ಲ. ತಿಥಿ ಬಂದಾಗಲೆಲ್ಲ ತಾಮಕ್ಕ ಸಾರು ತೆಗೆದು, ಟವೆಲಿನಲ್ಲಿ ಸುತ್ತಿ, ಸೇತುವೆ ದಾಟಿ ತಂದು ಮೆಟ್ಟಿಲ ಮೇಲಿಡುತ್ತಿದ್ದಳು. ಮೊದಲ ವರ್ಷ ಒಳಗೆ ತಗೊಳ್ಳಬಾರದೆಂದು ಹಟ ಹಿಡಿದೆ. ಬೆಕ್ಕು ಬಂತು. ಬೆಕ್ಕಿಗೆ ಬಿಡಲು ಮನಸ್ಸಾಗಲಿಲ್ಲ. ಸೇತುವೆ ದಾಟುವಷ್ಟರಲ್ಲಿ ಬಟ್ಟಲು ಉಗುರುಬೆಚ್ಚಗಾಗಿರುತ್ತಿತ್ತು. ಬಿಸಿ ಮಾಡದೆ ಹಾಗೆಯೇ ಉಣ್ಣುತ್ತಿದ್ದೆ, ಅವಳು ತಂದ ಹದದಲ್ಲೇ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ತಾಮಕ್ಕ ಆಸ್ಪತ್ರೆಯಲ್ಲಿದ್ದಾಗ ನಾನು ಹೋಗಿದ್ದೆ. ನೀನು ಬಟ್ಟೆ ಬದಲಿಸಲು ಮನೆಗೆ ಹೋದ ಹೊತ್ತು ನೋಡಿಕೊಂಡು ಉತ್ ನನ್ನನ್ನು ಒಳಗೆ ಬಿಟ್ಟಳು. ತಾಮಕ್ಕನ ಕೈ ಹಿಡಿದು ಕೂತೆ. ಆ ಬೆರಳುಗಳ ಗಾಯದ ಗುರುತೆಲ್ಲ ನನಗೆ ಬಾಯಿಪಾಠ. ಏನನ್ನೂ ಕೇಳಬಾರದು, ಇವತ್ತು ಅವಳನ್ನು ನೋಯಿಸಬಾರದು ಎಂದು ನಿರ್ಧರಿಸಿಕೊಂಡೇ ಹೋಗಿದ್ದೆ. ಅವಳೇ ಕಣ್ಣು ಬಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು.

"ಕೇಳೇ ಪಾಸ್ಟರಮ್ಮ. ಇಷ್ಟು ವರ್ಷ ಕೇಳಿದೀಯ. ಇವತ್ತು ಕೇಳ್ದೇ ಹೋದ್ರೆ ನಾನು ಸಾಯ್ತಿದೀನಿ ಅಂತ ನಂಗೆ ಗೊತ್ತಾಗ್ಬಿಡುತ್ತೆ."

ಕೇಳಿದೆ. ತಾಮಕ್ಕ, ಚರ್ಚಿಗೆ ಬರ್ತೀಯಾ ಎಂದು ಕೇಳಿದೆ. ನೋಡೋಣ, ಬರೋ ಭಾನುವಾರ ಎಂದಳು. ಆಮೇಲೆ ಇಬ್ಬರೂ ನಕ್ಕೆವು, ನರ್ಸು ಬಂದು ಬೈಯುವಷ್ಟು. ಆ ಭಾನುವಾರ ಬರುವ ಮೊದಲೇ ಅವಳು ಹೋದಳು.

ಅವಳ ಮಣ್ಣಿಗೆ ಬಂದು ನಿಮ್ಮ ಗೇಟಿನ ಹೊರಗೆ ಕಾರಿನಲ್ಲೇ ಕೂತಿದ್ದೆ. ಇಳಿಯಲಿಲ್ಲ. ನೀನು ತಲೆಗೆ ಸೂತಕದ ಬಿಳಿ ಪಟ್ಟಿ ಕಟ್ಟಿಕೊಂಡು ಸೊಸೆಯಾಗಿ ಮುಂದೆ ನಡೆದೆ. ನನಗೆ ಕೋಪ ಬರಲಿಲ್ಲ, ಲೊವಾನ್. ನನ್ನ ತಾಮಕ್ಕನಿಗೆ ಸೊಸೆ ಇದ್ದಾಳೆ, ಅವಳಿಗೆ ಬಡಿಸುವವರಿದ್ದಾರೆ ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ರಾತ್ರಿ ಕರ್ತನ ಮುಂದೆ ಮೊಣಕಾಲೂರಿದೆ. ಕ್ಷಮೆ ಕೇಳಬೇಕೋ ಸ್ತೋತ್ರ ಹೇಳಬೇಕೋ ತಿಳಿಯದೆ ಎದ್ದುಬಿಟ್ಟೆ. ನನ್ನ ವಿಶ್ವಾಸ ಬದಲಾಗಿಲ್ಲ. ಅವಳನ್ನು ಪರಲೋಕದಲ್ಲಿ ಮತ್ತೆ ನೋಡಲಾರೆನೇನೋ ಎಂಬ ಸಂಕಟ ಮಾತ್ರ ಒಳಗೇ ಇದೆ. ಸಭೆಯಲ್ಲಿ ಇದನ್ನು ಯಾರ ಹತ್ತಿರ ಹೇಳಲಿ? ಹೂಸ್ಟನ್ನಿಂದ ಬಂದ ಹೊಸ ಪಾಸ್ಟರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ.

ಚಾಂದ್ರಮಾನ ವರ್ಷದ ಕೊನೆಯ ತಿಂಗಳಲ್ಲಿ, ಹೊಸ ವರ್ಷದ ತೆತ್ ಹಬ್ಬಕ್ಕೆ ಮುಂಚೆ, ತಾಮಕ್ಕನ ಮೊದಲ ತಿಥಿ ಬರುತ್ತದೆ. ನಾನು ಬರಬೇಕೆಂದಿದ್ದೇನೆ. ಕಡ್ಡಿ ಹಿಡಿಯುವುದಿಲ್ಲ, ಬಾಗುವುದಿಲ್ಲ. ಹಿಂದೆ ಒಂದು ಕುರ್ಚಿ ಹಾಕಿಸು, ತಲೆತಗ್ಗಿಸಿ ಕೂತಿರುತ್ತೇನೆ. ನೀನು ಹಿಡಿದರೆ ಎದ್ದು ಹೋಗುವುದಿಲ್ಲ. ಟೀ ಕುಡಿದೇ ಹೋಗುತ್ತೇನೆ. ಅಷ್ಟಕ್ಕೆ ನಿನ್ನ ಮನೆಯಲ್ಲಿ ಜಾಗವಿದೆಯೋ ಇಲ್ಲವೋ ಎರಡು ಸಾಲು ಬರೆ. ಇಲ್ಲವೆಂದರೂ ಬರೆ. ಬೆಳಿಗ್ಗೆ ಬೇಗ ಬಂದರೆ ಹಾಗಲಕಾಯಿಯ ತಿರುಳು ತೆಗೆಯುವುದನ್ನು ತೋರಿಸಿಕೊಡುತ್ತೇನೆ, ಚಮಚದ ಹಿಡಿಯಿಂದ ತೆಗೆಯಬೇಕು.

ಖಾಯ್‌ಗೆ, ಉತ್‌ಗೆ ನನ್ನ ನೆನಪು ಹೇಳು. ಚಳಿ ಶುರುವಾಗಿದೆ, ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನನ್ನು ಹೆತ್ತ
ಅಮ್ಮ ನ್ಯಾನ್

ಮರೆತಿದ್ದೆ: ಬಟ್ಟಲು ತೊಳೆದಿಟ್ಟಿದ್ದೇನೆ, ಬರುವಾಗ ತರುತ್ತೇನೆ. ತೊಳೆಯುವುದಕ್ಕೆ ಮೊದಲಿನ ಮಾತೂ ಒಂದಿದೆ. ಸೇತುವೆ ದಾಟಿ ಬಂದ ಸಾರು ನಾಲಿಗೆ ಸುಡುವಷ್ಟು ಬಿಸಿ ಇರಬೇಕಾದರೆ ಅದನ್ನು ಹೊರಡುವ ಮುಂಚೆ ಮತ್ತೆ ಕುದಿಸಿರಬೇಕು. ಸಾರಿನ ಮೇಲೆ ಬೂದಿಯ ಒಂದು ಸಣ್ಣ ಪದರ ತೇಲುತ್ತಿತ್ತು, ಊದಿನಕಡ್ಡಿಯದು. ಮೊದಲ ಸಲ ಒಬ್ಬಳೇ ಅಷ್ಟು ಜನಕ್ಕೆ ಅಡುಗೆ ಮಾಡಿ, ಅತ್ತೆಯಿಲ್ಲದ ಮನೆಯಲ್ಲಿ, ತೆಗೆದಿಡಲು ಮರೆತಿರುವೆ. ಎಡೆಯದ್ದನ್ನೇ ಬಿಸಿ ಮಾಡಿ ತಂದಿರುವೆ. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಪ್ರಾರ್ಥನೆ ಮಾಡಿ ತಳದವರೆಗೂ ಉಂಡೆ. ಮುಂದಿನ ಸಲ ಮೊದಲೇ ತೆಗೆದಿಡು. ಮರೆತರೆ, ಬಾಯಿ ಬಿಡಬೇಡ.